ಹೆಪಟೈಟಿಸ್ ಸಿ ಮಾತ್ರೆ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಮ್ಮನಿಗೆ ಹೆಪಟೈಟಿಸ್ ಸಿ (ಲಿವರಿಗೆ ತಗುಲುವ ಒಂದು ವೈರಸ್ ಸೋಂಕು) ಇದೆ ಅಂತ ಗೊತ್ತಾಗಿದ್ದು 2019ರಲ್ಲಿ, ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ. ಆಪರೇಷನ್ ಮಾಡಬೇಕಿದ್ದ ಆಸ್ಪತ್ರೆಯವರು "ನಮ್ಮಲ್ಲಿ ಆಗಲ್ಲ, ಬೇರೆ ಕಡೆ ನೋಡಿಕೊಳ್ಳಿ" ಅಂತ ಫೈಲು ವಾಪಸ್ ಕೊಟ್ಟರು. ಏನು ಕಾಯಿಲೆ, ಔಷಧಿ ಇದೆಯಾ, ಯಾರನ್ನು ನೋಡಬೇಕು, ಒಂದನ್ನೂ ಹೇಳಲಿಲ್ಲ. ಅದನ್ನೆಲ್ಲ ನಾವೇ ಅಲೆದು ತಿಳಿದುಕೊಳ್ಳಬೇಕಾಯಿತು. ಅಮ್ಮ ಈಗ ಗುಣವಾಗಿದ್ದಾರೆ. ಅಂದಿನಿಂದ ನೆಂಟರು, ನೆಂಟರ ಪರಿಚಯದವರು, ಅವರ ಆಫೀಸಿನವರು ಅಂತ ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ, ನಿಮ್ಮ ಮಾತ್ರೆ ನಿರ್ಧಾರ ಮಾಡಬೇಕಾದವರು ನಿಮ್ಮ ಡಾಕ್ಟರೇ. ಆದರೆ ಅವರ ಎದುರು ಕೂರುವ ಮೊದಲು ಇಷ್ಟು ಗೊತ್ತಿದ್ದರೆ ಭಯ ಅರ್ಧಕ್ಕರ್ಧ ಇಳಿಯುತ್ತದೆ.

ರಿಪೋರ್ಟಿನಲ್ಲಿ "ಎಚ್‌ಸಿವಿ ರಿಯಾಕ್ಟಿವ್" ಅಂತ ಬಂದಿದೆ. ಕಾಯಿಲೆ ಇದೆ ಅಂತಲೇ ಅರ್ಥವಾ?

ಇನ್ನೂ ಹೇಳೋಕಾಗಲ್ಲ. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್, ರಿಯಾಕ್ಟಿವ್ ಅಂದರೆ ಟೆಸ್ಟ್ ಪಾಸಿಟಿವ್. ಮೊದಲು ಮಾಡುವುದು ಆಂಟಿಬಾಡಿ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ಟೆಸ್ಟ್. ಈ ವೈರಸ್ ಯಾವತ್ತೋ ಒಂದು ದಿನ ನಿಮ್ಮ ಮೈಯೊಳಗೆ ಬಂದಿತ್ತು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಈಗಲೂ ಇದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ 15ರಿಂದ 45 ಜನರಿಗೆ ಆರು ತಿಂಗಳೊಳಗೆ ವೈರಸ್ ತಾನಾಗಿಯೇ ಹೋಗಿಬಿಡುತ್ತದೆ, ಆದರೆ ಆಂಟಿಬಾಡಿ ಉಳಿದಿರುತ್ತದೆ.

ಈಗ ಇದೆಯೋ ಇಲ್ಲವೋ ಅಂತ ತಿಳಿಯಲು ಎಚ್‌ಸಿವಿ ಆರ್‌ಎನ್‌ಎ ಟೆಸ್ಟ್ ಆಗಬೇಕು. ಆಸ್ಪತ್ರೆಯಲ್ಲಿ ಇದನ್ನು ವೈರಲ್ ಲೋಡ್ ಅಂತಾರೆ. ಇದು ಪಾಸಿಟಿವ್ ಬಂದರೆ ಮಾತ್ರ ಚಿಕಿತ್ಸೆ. ಮೊದಲ ರಿಪೋರ್ಟ್ ನೋಡಿಯೇ ಗಾಬರಿಯಾಗಿ ನಾಟಿ ಔಷಧಿಗೆ ಓಡುವವರೂ ಇದ್ದಾರೆ, ಎರಡನೇ ಟೆಸ್ಟನ್ನೇ ಮಾಡಿಸದೆ ರಿಪೋರ್ಟನ್ನು ಬೀರುವಿನಲ್ಲಿಟ್ಟು ಸುಮ್ಮನಾಗುವವರೂ ಇದ್ದಾರೆ. ಎರಡೂ ಬೇಡ. ವೈರಲ್ ಲೋಡ್ ನೋಡುವ ಟ್ರೂನಾಟ್ ಅನ್ನುವ ಪುಟ್ಟ ಯಂತ್ರ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲೇ ರೂಪುಗೊಂಡದ್ದು. ಟಿಬಿಗೆ, ಕೋವಿಡ್‌ಗೆ ಬಳಸಿದ್ದೂ ಅದನ್ನೇ.

ಇದು ನಿಜವಾಗಿಯೂ ಗುಣವಾಗುತ್ತಾ, ಅಥವಾ ಜೀವನಪೂರ್ತಿ ಮಾತ್ರೆ ತಿನ್ನಬೇಕಾ?

ಗುಣವಾಗುತ್ತದೆ. ಪೂರ್ತಿ ಗುಣವಾಗುತ್ತದೆ. ನೂರು ಜನ ಕೋರ್ಸ್ ಮುಗಿಸಿದರೆ ಸುಮಾರು 95 ಜನರ ಮೈಯಿಂದ ವೈರಸ್ ಹೋಗಿಬಿಡುತ್ತದೆ. ಶುಗರ್, ಬಿಪಿ ಮಾತ್ರೆಯ ಹಾಗೆ ಇದು ಕೊನೆತನಕ ಅಲ್ಲ. ಹೆಚ್ಚಿನವರಿಗೆ 12 ವಾರ ಅಷ್ಟೇ.

ಜನ ಗೊಂದಲ ಮಾಡಿಕೊಳ್ಳುವುದು ಹೆಪಟೈಟಿಸ್ ಬಿ ಜೊತೆ. ಬಿಗೆ ಲಸಿಕೆ ಇದೆ, ಬಂದ ಮೇಲೆ ಮಾತ್ರೆಯಿಂದ ಹತೋಟಿಯಲ್ಲಿಡಬಹುದು, ಬೇರು ಸಹಿತ ತೆಗೆಯುವುದು ಕಷ್ಟ. ಸಿ ಇದಕ್ಕೆ ಪೂರ್ತಿ ಉಲ್ಟಾ. ಲಸಿಕೆ ಇಲ್ಲ, ಆದರೆ ಬಂದದ್ದನ್ನು ಓಡಿಸಬಹುದು.

ನಿಮ್ಮೂರಿನಲ್ಲಿ ಯಾರಾದರೂ ಹಳಬರು "ಅಯ್ಯೋ, ಆ ಇಂಜೆಕ್ಷನ್ ತಡೆಯೋಕಾಗಲ್ಲ" ಅಂದರೆ, ಅವರು ಹೇಳುತ್ತಿರುವುದು ಇಂಟರ್‌ಫೆರಾನ್ ಬಗ್ಗೆ. ಆಗ ವಾರವಾರ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಮಾತ್ರೆ, ಆರು ತಿಂಗಳಿಂದ ಒಂದು ವರ್ಷ. ಜ್ವರ, ಮೈಕೈ ನೋವು, ರಕ್ತ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು. ಅಷ್ಟೆಲ್ಲ ಅನುಭವಿಸಿದರೂ ಎಷ್ಟೋ ಜನರಿಗೆ ಗುಣವಾಗುತ್ತಿರಲಿಲ್ಲ. ಅವರು ಹೇಳುವುದು ಸುಳ್ಳಲ್ಲ, ಆದರೆ ಆ ಕಾಲ ಮುಗಿದಿದೆ.

ನನಗೆ ಏನೂ ತೊಂದರೆಯೇ ಇಲ್ಲವಲ್ಲ, ಮತ್ತೆ ಯಾಕೆ ಮಾತ್ರೆ?

ಅಮ್ಮನಿಗೂ ಏನೂ ಇರಲಿಲ್ಲ. ಕಾಮಾಲೆ ಇಲ್ಲ, ಹೊಟ್ಟೆನೋವಿಲ್ಲ. ಸ್ವಲ್ಪ ಸುಸ್ತು ಅಂತಿದ್ದರು, ಅದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ಈ ವೈರಸ್ ಹಾಗೇ, ಸದ್ದಿಲ್ಲದೆ ಲಿವರನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ. ಸೋಂಕು ಉಳಿದುಕೊಂಡ ನೂರು ಜನರಲ್ಲಿ 15ರಿಂದ 30 ಜನರಿಗೆ 20 ವರ್ಷದೊಳಗೆ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು, ಆಗುತ್ತದೆ. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಕೆಲವರಿಗೆ ಲಿವರ್ ಕ್ಯಾನ್ಸರ್. ಮೈ ತೋರಿಸಿಕೊಡುವ ಹೊತ್ತಿಗೆ ತಡವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಸುಮಾರು 55 ಲಕ್ಷ ಜನರಿಗೆ ಈ ಸೋಂಕಿದೆ. ಅವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೇ ಇಲ್ಲ.

ಎಲ್ಲಿಂದ ಬಂದಿರಬಹುದು? ನಮ್ಮ ಮನೆಯಲ್ಲಿ ಯಾರೂ ಅಂಥವರಲ್ಲ.

"ಅಂಥವರು" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್, ನಡತೆಗೆ ಬರುವ ಶಿಕ್ಷೆ ಅಲ್ಲ. ನಮ್ಮ ಅಮ್ಮನಿಗೆ 1993ರಲ್ಲಿ ತಮ್ಮನ ಹೆರಿಗೆ ಸಮಯದಲ್ಲಿ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಈ ವೈರಸನ್ನು ಗುರುತಿಸಿದ್ದೇ 1989ರಲ್ಲಿ, ನಮ್ಮ ದೇಶದಲ್ಲಿ ದಾನಿಗಳ ರಕ್ತವನ್ನು ಇದಕ್ಕಾಗಿ ಕಡ್ಡಾಯವಾಗಿ ಪರೀಕ್ಷಿಸಲು ಶುರು ಮಾಡಿದ್ದು 2001ರ ಸುಮಾರಿಗೆ. ಹಾಗಾಗಿ ಅದಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು ಒಂದು ಸಲ ಟೆಸ್ಟ್ ಮಾಡಿಸುವುದು ಒಳ್ಳೆಯದು. ಹೆರಿಗೆ, ಆಕ್ಸಿಡೆಂಟ್, ಆಪರೇಷನ್, ಯಾವುದಕ್ಕೆ ಹಾಕಿಸಿಕೊಂಡಿದ್ದರೂ ಸರಿ.

ಸರಿಯಾಗಿ ಕುದಿಸದ ಗಾಜಿನ ಸಿರಿಂಜಿನ ಕಾಲ ನೆನಪಿದೆಯಲ್ಲ, ಜ್ವರಕ್ಕೂ ನೆಗಡಿಗೂ ಒಂದೊಂದು ಇಂಜೆಕ್ಷನ್? ಅದೂ ಒಂದು ದಾರಿ. ಡಯಾಲಿಸಿಸ್, ಒಂದೇ ಸೂಜಿಯಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವುದು, ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ, ಬೇರೆಯವರಿಗೆ ಬಳಸಿದ ಬ್ಲೇಡು. ಎಷ್ಟೋ ಸಲ ಎಲ್ಲಿಂದ ಅಂತ ಕೊನೆಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಚಿಕಿತ್ಸೆ ಅದೇ.

ಯಾವ ಮಾತ್ರೆ ಕೊಡುತ್ತಾರೆ, ಎಷ್ಟು ದಿನ?

ಎಲ್ಲದರಲ್ಲೂ ಇರುವ ಮುಖ್ಯ ಔಷಧಿ ಸೋಫೋಸ್‌ಬುವಿರ್, 400 ಮಿಲಿಗ್ರಾಂ. ಅದರ ಜೊತೆಗೆ ಇನ್ನೊಂದು. ಸಿರೋಸಿಸ್ ಇಲ್ಲದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಡಕ್ಲಟಾಸ್ವಿರ್ 60 ಮಿಲಿಗ್ರಾಂ ಸೇರಿಸಿ 12 ವಾರ ಕೊಡುತ್ತಾರೆ. ಸಿರೋಸಿಸ್ ಆಗಿದ್ದೂ ಲಿವರ್ ಇನ್ನೂ ತಕ್ಕಮಟ್ಟಿಗೆ ಕೆಲಸ ಮಾಡುತ್ತಿದ್ದರೆ ವೆಲ್ಪಟಾಸ್ವಿರ್ ಇರುವ ಮಾತ್ರೆ, ಅದೂ 12 ವಾರ. ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೆ ಹೋಗಿದ್ದರೆ ಇದಕ್ಕೆ ರಿಬಾವಿರಿನ್ ಸೇರಿಸುತ್ತಾರೆ. ರಿಬಾವಿರಿನ್ ಆಗದವರಿಗೆ ಅದಿಲ್ಲದೆ 24 ವಾರ.

ಈ ಮಾತ್ರೆಗಳು ಮಾಡುವುದೇನು ಅಂದರೆ, ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಯಂತ್ರಕ್ಕೇ ಕೈ ಹಾಕುತ್ತವೆ. ಹೊಸ ವೈರಸ್ ಹುಟ್ಟದೆ ಇದ್ದದ್ದು ಖಾಲಿಯಾಗುತ್ತಾ ಬರುತ್ತದೆ. ನಮ್ಮ ದೇಶದಲ್ಲಿ ಜಾಸ್ತಿ ಕಾಣುವುದು ಈ ವೈರಸ್‌ನ ಮೂರನೇ ಬಗೆ, ಆಮೇಲೆ ಒಂದನೇ ಬಗೆ. ಈಗಿನ ಮಾತ್ರೆಗಳು ಎಲ್ಲ ಬಗೆಗೂ ಆಗುವುದರಿಂದ, ಮೊದಲ ಸಲ ಚಿಕಿತ್ಸೆ ತೆಗೆದುಕೊಳ್ಳುವ ಹೆಚ್ಚಿನವರಿಗೆ ಯಾವ ಬಗೆ ಅಂತ ನೋಡುವ ದುಬಾರಿ ಟೆಸ್ಟ್ ಬೇಕಾಗಿಲ್ಲ.

ಶುರು ಮಾಡುವ ಮುಂಚೆ ಬೇರೆ ಏನೇನು ನೋಡುತ್ತಾರೆ?

ಲಿವರ್ ಎಷ್ಟು ಹಾಳಾಗಿದೆ ಅನ್ನುವುದು ಮುಖ್ಯ. ರಕ್ತದಲ್ಲಿ ಲಿವರ್ ಎಂಜೈಮು, ಪ್ಲೇಟ್‌ಲೆಟ್, ಹೊಟ್ಟೆಯ ಸ್ಕ್ಯಾನಿಂಗ್, ಸಿಕ್ಕರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್. ಕಿಡ್ನಿ ಟೆಸ್ಟ್, ಶುಗರ್, ಎಚ್‌ಐವಿ.

ಒಂದನ್ನು ಮಾತ್ರ ಮರೆಯಲೇಬೇಡಿ, ಹೆಪಟೈಟಿಸ್ ಬಿ ಟೆಸ್ಟ್. ಕೆಲವರಲ್ಲಿ ಎರಡೂ ಇರುತ್ತವೆ. ಸಿ ಜೋರಾಗಿದ್ದಾಗ ಬಿ ಅಡಗಿಕೊಂಡಿರುತ್ತದೆ, ಮಾತ್ರೆಯಿಂದ ಸಿ ಹೋದ ಕೂಡಲೇ ಅದು ತಲೆ ಎತ್ತಿ ಲಿವರನ್ನೇ ಕೆಡಿಸಬಹುದು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕಾಗಿಯೇ ಈ ಎಲ್ಲ ಮಾತ್ರೆಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ನಿಮ್ಮ ಡಾಕ್ಟರು ಬರೆದಿಲ್ಲವಾದರೆ ನೀವೇ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಖರ್ಚು ಎಷ್ಟಾಗುತ್ತದೆ?

ಸರ್ಕಾರಿ ಕೇಂದ್ರದಲ್ಲಿ ಮಾತ್ರೆಗೂ ದುಡ್ಡಿಲ್ಲ, ಇದಕ್ಕೆ ಬೇಕಾದ ಟೆಸ್ಟಿಗೂ ಇಲ್ಲ. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಅದರಡಿಯಲ್ಲಿ ಇದೆಲ್ಲ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಗೋ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಿ "ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿದೆ" ಅಂತಲೇ ಕೇಳಿ. ಸುಮ್ನೆ "ಲಿವರ್ ತೊಂದರೆ" ಅಂದರೆ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಕಳಿಸುತ್ತಾರೆ. ನಾವು ಎರಡು ದಿನ ಹಾಗೇ ಸುತ್ತಿದೆವು.

ಇದು ಉಚಿತವಾಗಿ ಸಿಗುವ ಹಂತಕ್ಕೆ ಬಂದದ್ದು ದೊಡ್ಡ ಕಥೆ. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್! 12 ವಾರಕ್ಕೆ 84 ಸಾವಿರ ಡಾಲರ್. ಮರುವರ್ಷ ಆ ಮಾತ್ರೆ ತಂದ ಗಿಲಿಯಾಡ್ ಕಂಪನಿ ಭಾರತದ ಹಲವು ಕಂಪನಿಗಳಿಗೆ ತಯಾರಿಸಲು ಅನುಮತಿ ಕೊಟ್ಟಿತು, ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2015ರಲ್ಲಿ ಇಲ್ಲಿ 28 ಮಾತ್ರೆಯ ಡಬ್ಬಿ ಸುಮಾರು 20 ಸಾವಿರ ರೂಪಾಯಿಗೆ ಮಾರುಕಟ್ಟೆಗೆ ಬಂತು, ಆಮೇಲೆ ಪೈಪೋಟಿಯಲ್ಲಿ ಬೆಲೆ ಇಳಿಯಿತು. ಅದೇ ಮಾತ್ರೆ ಈಗ ನಮ್ಮಂಥವರ ಕೈಗೆ ಬಿಟ್ಟಿಯಾಗಿ ಬರುತ್ತಿದೆ ಅಂತ ಯೋಚಿಸಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅಮ್ಮನ ಕೈಗೆ ಮೊದಲ ಡಬ್ಬಿ ಕೊಟ್ಟಾಗ ಅವರು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದರು.

ಸೈಡ್ ಎಫೆಕ್ಟ್ ಜಾಸ್ತಿ ಇರುತ್ತಾ?

ತಲೆನೋವು, ಸುಸ್ತು, ಸ್ವಲ್ಪ ವಾಕರಿಕೆ, ಕೆಲವರಿಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಅಮ್ಮನಿಗೆ ಮೊದಲ ವಾರ ತಲೆನೋವಿತ್ತು, ಆಮೇಲೆ ಅದೂ ಹೋಯಿತು. ಮನೆಕೆಲಸ, ಆಫೀಸು ಎಲ್ಲ ಮಾಡಿಕೊಂಡೇ ಕೋರ್ಸ್ ಮುಗಿಸಬಹುದು. ರಿಬಾವಿರಿನ್ ಸೇರಿದರೆ ಮಾತ್ರ ಬೇರೆ ಮಾತು, ಅದು ರಕ್ತ ಕಡಿಮೆ ಮಾಡುತ್ತದೆ. ಆಗ ಹಿಮೋಗ್ಲೋಬಿನ್ ಆಗಾಗ ನೋಡುತ್ತಿರಬೇಕು.

ಶುಗರ್ ಇರುವವರು ಒಂದು ಗಮನಿಸಿ. ವೈರಸ್ ಹೋಗುತ್ತಾ ಬಂದ ಹಾಗೆ ಶುಗರ್ ಸುಧಾರಿಸಬಹುದು, ಹಳೇ ಪ್ರಮಾಣದ ಮಾತ್ರೆ ಅಥವಾ ಇನ್ಸುಲಿನ್ ಹೆಚ್ಚಾಗಿ ಶುಗರ್ ಇಳಿಯಬಹುದು. ಪದೇ ಪದೇ ಚೆಕ್ ಮಾಡಿಕೊಳ್ಳಿ.

ಈಗಾಗಲೇ ಬೇರೆ ಮಾತ್ರೆ ತಿನ್ನುತ್ತಿದ್ದೇನೆ. ಜೊತೆಗೆ ತೆಗೆದುಕೊಳ್ಳಬಹುದಾ?

ಎಲ್ಲ ಮಾತ್ರೆಯ ಚೀಟಿ, ಖಾಲಿ ಸ್ಟ್ರಿಪ್ ಸಮೇತ ಡಾಕ್ಟರ ಮುಂದೆ ಸುರಿಯಿರಿ. ಯಾವುದನ್ನೂ ಮುಚ್ಚಿಡಬೇಡಿ. ಈ ಚಿಕಿತ್ಸೆಯಲ್ಲಿ ದೊಡ್ಡ ತೊಂದರೆಯಾಗುವುದು ಹೆಚ್ಚಾಗಿ ಮಾತ್ರೆಯಿಂದಲ್ಲ, ಮಾತ್ರೆ ಮಾತ್ರೆ ಸೇರಿದಾಗ.

ಹೃದಯದ ಬಡಿತ ಸರಿಪಡಿಸುವ ಅಮಿಯೊಡಾರೋನ್ ಜೊತೆ ಸೋಫೋಸ್‌ಬುವಿರ್ ಸೇರಿದರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್ ಇವು ಹೆಪಟೈಟಿಸ್ ಮಾತ್ರೆಯ ಕಸುವನ್ನೇ ತೆಗೆದುಬಿಡುತ್ತವೆ. ಟಿಬಿ ಇದ್ದರೆ ಸಾಮಾನ್ಯವಾಗಿ ಅದನ್ನು ಮೊದಲು ಮುಗಿಸುತ್ತಾರೆ. ಫಿಟ್ಸ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಕೊಲೆಸ್ಟರಾಲ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಎಚ್‌ಐವಿ ಮಾತ್ರೆ, ಇವುಗಳ ಪ್ರಮಾಣವನ್ನೂ ನೋಡಬೇಕಾಗುತ್ತದೆ.

ಇನ್ನು ಗ್ಯಾಸ್ ಮಾತ್ರೆ. ನಮ್ಮಲ್ಲಿ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಅನ್ನು ಯಾರೂ ಮಾತ್ರೆ ಅಂತಲೇ ಲೆಕ್ಕ ಹಾಕುವುದಿಲ್ಲ, ಬೆಳಗೆದ್ದು ಖಾಲಿ ಹೊಟ್ಟೆಗೆ ಒಂದು ನುಂಗುತ್ತಾರೆ. ವೆಲ್ಪಟಾಸ್ವಿರ್ ಮೈಗೆ ಹತ್ತಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ಇಳಿಸುತ್ತದೆ. ಹಾಗಾಗಿ ಇದನ್ನು ಹೇಳಲೇಬೇಕು.

ಒಂದು ದಿನ ಮಾತ್ರೆ ಮರೆತರೆ?

ಅದೇ ದಿನ ನೆನಪಾದರೆ ಕೂಡಲೇ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತೇ ಹತ್ತಿರ ಬಂದಿದ್ದರೆ ಹೋದದ್ದು ಹೋಯಿತು, ಎರಡು ದಿನದ್ದು ಒಟ್ಟಿಗೆ ಬೇಡ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಫೋನ್ ಮಾಡಿ ಕೇಳಿ. ಊಟಕ್ಕೆ ಮುಂಚೆಯೋ ನಂತರವೋ ಅನ್ನುವ ಕಟ್ಟುಪಾಡಿಲ್ಲ, ಆದರೆ ದಿನಾ ಒಂದೇ ಹೊತ್ತು ಇರಲಿ.

ಅಮ್ಮ ರಾತ್ರಿ ಊಟವಾದ ಮೇಲೆ ನುಂಗಿ ಗೋಡೆ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ಎರಡನೇ ತಿಂಗಳಲ್ಲಿ ತವರಿಗೆ ಮದುವೆಗೆ ಹೋದಾಗ ಡಬ್ಬಿ ಮನೆಯಲ್ಲೇ ಉಳಿಯಿತು. ರಾತ್ರಿ ಗೊತ್ತಾಗಿ ಫೋನ್ ಮಾಡಿ ಅಳುವುದೊಂದು ಬಾಕಿ. ನಾನು ಮಾರನೇ ದಿನ ಮೊದಲ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ, ಹತ್ತು ಗಂಟೆಗೆ ನುಂಗಿದರು, ಅವತ್ತಿನ ರಾತ್ರಿಯಿಂದ ಮತ್ತೆ ಮಾಮೂಲಿ. ಡಾಕ್ಟರು "ಪರವಾಗಿಲ್ಲ, ಬಿಡಬಾರದು ಅಷ್ಟೇ" ಅಂದರು.

ಒಂದು ದಿನ ತಪ್ಪುವುದಕ್ಕಿಂತ ದೊಡ್ಡ ಅಪಾಯ ಡಬ್ಬಿ ಮುಗಿದು ಇನ್ನೊಂದು ಬರುವ ಮಧ್ಯೆ ಬೀಳುವ ಅಂತರ. ಒಂದು ಡಬ್ಬಿಯಲ್ಲಿ 28 ದಿನದ್ದು ಇರುತ್ತದೆ. ನಾಲ್ಕೈದು ಉಳಿದಾಗಲೇ ಮುಂದಿನದಕ್ಕೆ ಹೋಗಿ. ಎರಡು ಡಬ್ಬಿ ಮುಗಿಸಿ "ಈಗ ಚೆನ್ನಾಗಿದ್ದೀನಿ" ಅಂತ ನಿಲ್ಲಿಸಿದವರನ್ನು ನಾನು ಬಲ್ಲೆ. ವೈರಲ್ ಲೋಡ್ ಮೊದಲ ಕೆಲವೇ ವಾರದಲ್ಲಿ ಇಳಿದಿರುತ್ತದೆ ನಿಜ, ಆದರೆ ಅಳಿದುಳಿದದ್ದು ಮತ್ತೆ ಬೆಳೆಯುತ್ತದೆ. ಮೂರನೇ ಡಬ್ಬಿಯೂ ಪೂರ್ತಿ ಖಾಲಿಯಾಗಬೇಕು.

ನೆಲನೆಲ್ಲಿ, ಅಮೃತಬಳ್ಳಿ ಕಷಾಯ ಕುಡಿದರೆ ಸಾಲದಾ?

ಸಾಲದು. ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವುದು ನಮ್ಮಜ್ಜಿಯ ಮನೆಯಲ್ಲೂ ಇತ್ತು. ನೀರಿನಿಂದ ಬರುವ ಎ ಮತ್ತು ಇ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಔಷಧಿಗೆ ಬರುತ್ತದೆ. ಸಿ ಹಾಗಲ್ಲ, ಉಳಿದುಕೊಂಡದ್ದು ಗಿಡಮೂಲಿಕೆಗೆ ಹೋಗುವುದಿಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿದು ಲಿವರ್ ಊದಿಕೊಂಡವರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ಬರೆದಿದ್ದಾರೆ. ಕೋರ್ಸ್ ನಡೆಯುವಷ್ಟು ದಿನ ಯಾವ ಪುಡಿ, ಲೇಹ್ಯ, ಕಷಾಯವೂ ಬೇಡ. ಪ್ರೀತಿಯಿಂದ ತಂದುಕೊಟ್ಟವರಿಗೆ ಬೇಡ ಅನ್ನುವುದು ಕಷ್ಟ, ನನಗೆ ಗೊತ್ತು.

ಪಥ್ಯ ಏನು? ಕುಡಿಯುವವರು ಏನು ಮಾಡಬೇಕು?

ಮನೆ ಊಟ ಮಾಡಿ. ಮುದ್ದೆ, ಅನ್ನ, ಬೇಳೆ, ಮೊಟ್ಟೆ, ಮೀನು, ಎಲ್ಲ ಆಗುತ್ತದೆ. ಕಾಫಿ ಬಿಡಬೇಕಾಗಿಲ್ಲ, ಅದು ಲಿವರ್‌ಗೆ ಒಳ್ಳೆಯದೇ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ. ಸಿರೋಸಿಸ್ ಇದ್ದವರು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬಾರದು.

ಹೆಂಡ ಬಿಡಬೇಕು, ವೈರಸ್ ಮತ್ತು ಹೆಂಡ ಸೇರಿದರೆ ಲಿವರ್ ಬೇಗ ಹಾಳಾಗುತ್ತದೆ. ಆದರೆ "ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಮಾತ್ರೆ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕುಡಿಯುವವರಿಗೂ ಈ ಮಾತ್ರೆ ಕೆಲಸ ಮಾಡುತ್ತದೆ, ಅವರಿಗೇ ಇದು ಹೆಚ್ಚು ತುರ್ತು.

ಮನೆಯವರಿಗೆ ಹರಡುತ್ತಾ?

ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್, ಶುಗರ್ ನೋಡುವ ಸೂಜಿ, ಇವಷ್ಟು ಬೇರೆ ಇರಲಿ. ಗಂಡ ಹೆಂಡತಿ ನಡುವೆ ಹರಡುವುದು ಅಪರೂಪ, ಆದರೂ ಒಂದು ಸಲ ಟೆಸ್ಟ್ ಮಾಡಿಸಿ.

ನಮ್ಮಮ್ಮ ಯಾರೂ ಹೇಳದೆ ತಾವೇ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದರು. ಮೊಮ್ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಡಾಕ್ಟರಮ್ಮನೇ ಕೂರಿಸಿಕೊಂಡು "ಎತ್ಕೊಳ್ಳಿ, ಮುತ್ತು ಕೊಡಿ, ಏನೂ ಆಗಲ್ಲ" ಅಂತ ಹೇಳಿದ ಮೇಲೆ ಒಪ್ಪಿದ್ದು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ದೂರ ಕೂತಿದ್ದರೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬಸುರಿಯಾಗಿದ್ದರೆ?

ಮಾತ್ರೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಮುಂದೂಡುತ್ತಾರೆ. ಮಗುವಿಗೆ ಹೋಗುವ ಸಾಧ್ಯತೆ ನೂರಕ್ಕೆ ಐದಾರು. ಎದೆಹಾಲು ಕೊಡಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ನಿಲ್ಲಿಸಿ. ಮಗುವಿಗೆ ಆಂಟಿಬಾಡಿ ಟೆಸ್ಟನ್ನು 18 ತಿಂಗಳಾದ ಮೇಲೆ ಮಾಡಿಸಬೇಕು, ಅದಕ್ಕೂ ಮುಂಚೆ ಅಮ್ಮನ ಆಂಟಿಬಾಡಿಯೇ ಅದರಲ್ಲಿ ಕಾಣುತ್ತದೆ. ರಿಬಾವಿರಿನ್ ತೆಗೆದುಕೊಳ್ಳುವವರು, ಗಂಡಾಗಲಿ ಹೆಣ್ಣಾಗಲಿ, ಕೋರ್ಸ್ ನಡೆಯುವಾಗಲೂ ಮುಗಿದು ಕನಿಷ್ಠ ಆರು ತಿಂಗಳವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆಗುತ್ತಾ?

ಆಗುತ್ತದೆ. ಮೊದಲು ಸೋಫೋಸ್‌ಬುವಿರ್ ಕಿಡ್ನಿ ಕೆಟ್ಟವರಿಗೆ ಬೇಡ ಅನ್ನುತ್ತಿದ್ದರು, ಈಗ ಆ ಅಡ್ಡಿ ಇಲ್ಲ.

ಮಾತ್ರೆ ಮುಗಿಯಿತು. ಗುಣವಾಯಿತು ಅಂತ ಹೇಗೆ ಗೊತ್ತಾಗುತ್ತೆ?

ಕೊನೇ ಮಾತ್ರೆ ನುಂಗಿದ ದಿನವನ್ನು ಬರೆದಿಡಿ. ಅಲ್ಲಿಂದ 12 ವಾರ ಬಿಟ್ಟು ಮತ್ತೆ ಆರ್‌ಎನ್‌ಎ ಟೆಸ್ಟ್. ಅದರಲ್ಲಿ ವೈರಸ್ ಕಾಣಿಸದಿದ್ದರೆ ಗುಣವಾಯಿತು. ಈ ಟೆಸ್ಟಿಗೆ ಎಷ್ಟೊಂದು ಜನ ಹೋಗುವುದೇ ಇಲ್ಲ, ಮಾತ್ರೆ ಮುಗಿದ ಕೂಡಲೇ ಆಸ್ಪತ್ರೆಯ ನಂಟು ಮುಗಿಯಿತು ಅಂದುಕೊಳ್ಳುತ್ತಾರೆ. ಹೋಗಿ. ವೈರಸ್ ಉಳಿದುಕೊಂಡ ಕೆಲವೇ ಜನರಲ್ಲಿ ನೀವೊಬ್ಬರಾಗಿದ್ದರೆ ಮತ್ತೊಂದು ಕೋರ್ಸ್ ಇದೆ, ಆದರೆ ಉಳಿದಿದೆ ಅಂತ ಗೊತ್ತಾಗಬೇಕಲ್ವಾ?

ಸಿರೋಸಿಸ್ ಆಗಿದ್ದವರಿಗೆ ಇಲ್ಲಿಗೆ ಮುಗಿಯುವುದಿಲ್ಲ. ವೈರಸ್ ಹೋದರೂ ಕ್ಯಾನ್ಸರ್ ಭಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಲೇ ಇರಬೇಕು.

ಗುಣವಾದ ಮೇಲೂ ಟೆಸ್ಟ್ ರಿಯಾಕ್ಟಿವ್ ಅಂತಲೇ ಬರುತ್ತಿದೆ. ಯಾಕೆ?

ಆಂಟಿಬಾಡಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ಗಲ್ಫ್ ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡ ನೋವು, ಏಕೆಂದರೆ ಅಲ್ಲಿಯ ವೀಸಾಗೆ ಮಾಡುವ ಮೆಡಿಕಲ್‌ನಲ್ಲಿ ನೋಡುವುದು ಆಂಟಿಬಾಡಿಯನ್ನೇ. ಗುಣವಾದವರನ್ನೂ ಅದು ಹಿಡಿಯುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಟಿಕೆಟ್ಟಿಗೆ, ಏಜೆಂಟಿಗೆ ದುಡ್ಡು ಕೊಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಆರ್‌ಎನ್‌ಎ ನೆಗೆಟಿವ್ ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ, ಮುಂದೆ ಯಾವ ಆಪರೇಷನ್‌ಗೆ ಹೋದರೂ ಅದು ಬೇಕಾಗುತ್ತದೆ. ಅಮ್ಮ ಕೊನೆಗೆ ಬೇರೆ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ ನಾವು ಮೊದಲು ಮೇಜಿನ ಮೇಲಿಟ್ಟದ್ದು ಅದನ್ನೇ. ಅಲ್ಲಿಯವರು "ಇದಿಲ್ಲದಿದ್ದರೂ ಮಾಡುತ್ತಿದ್ದೆವು, ಎಲ್ಲ ರೋಗಿಗಳಿಗೂ ನಾವು ಒಂದೇ ಥರ ಎಚ್ಚರಿಕೆ ವಹಿಸುತ್ತೇವೆ" ಅಂದರು.

ಮತ್ತೆ ಬರಬಹುದಾ? ರಕ್ತ ಕೊಡಬಹುದಾ?

ಮತ್ತೆ ತಗುಲಬಹುದು. ಒಂದು ಸಲ ಬಂದು ಹೋಯಿತು ಅಂತ ರಕ್ಷಣೆ ಏನೂ ಸಿಗುವುದಿಲ್ಲ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಕೇಳಿ, ಇಂಜೆಕ್ಷನ್ ಅಂದರೆ ಹೊಸ ಸಿರಿಂಜು ನಿಮ್ಮ ಕಣ್ಣೆದುರೇ ಬಿಚ್ಚಲಿ. ರಕ್ತದಾನ ಮಾತ್ರ ಮಾಡುವಂತಿಲ್ಲ, ಗುಣವಾದ ಮೇಲೂ.